ಅಪ್ಪ ಐಸಿಯುನಲ್ಲಿದ್ದಾರೆ, ಸಿಸ್ಟರ್ ಹತ್ರ ಏನು ಕೇಳಬಹುದು? ಅನುಭವ ಇರೋರು ಹೇಳಿ

ಕೇಳಿದವರು, ಮೈಸೂರು

ಅಪ್ಪನಿಗೆ 68. ಸ್ಟ್ರೋಕ್ ಆಗಿ ಐಸಿಯು ಸೇರಿ ಇವತ್ತಿಗೆ ಆರು ದಿನ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಒಬ್ಬರನ್ನ ಒಳಗೆ ಬಿಡ್ತಾರೆ. ಡಾಕ್ಟರ್ ಸಿಗೋದು ಎರಡು ನಿಮಿಷ, ಮಿಕ್ಕಿದ್ದೆಲ್ಲ ಸಿಸ್ಟರ್‌ಗಳೇ. ಇವತ್ತು ಬೆಳಿಗ್ಗೆ ನೈಟ್ ಡ್ಯೂಟಿ ಮುಗಿಸಿ ಹೊರಟಿದ್ದ ಒಬ್ಬ ಸಿಸ್ಟರ್, ಹೊರಗೆ ಬೆಂಚಿನ ಮೇಲಿದ್ದ ಅಮ್ಮನ ಹತ್ರ ಬಂದು, "ರಾತ್ರಿ ಜ್ವರ ಇರ್ಲಿಲ್ಲ ಅಮ್ಮ, ನೀವು ಹೋಗಿ ಸ್ನಾನ ಮಾಡಿ ತಿಂಡಿ ತಿಂದು ಬನ್ನಿ" ಅಂದ್ರು. ಆರು ದಿನದಲ್ಲಿ ಅಮ್ಮ ಹೊಟ್ಟೆ ತುಂಬ ತಿಂದಿದ್ದು ಇವತ್ತೇ. ಇಂಥವರ ಹತ್ರ ಏನು ಕೇಳಬಹುದು, ಏನು ಕೇಳಬಾರದು? ಖುಷಿಗೆ ದುಡ್ಡು ಕೊಟ್ರೆ ತಪ್ಪು ತಿಳ್ಕೋತಾರಾ?

ಹುಬ್ಬಳ್ಳಿಯಿಂದ

ನಮ್ಮ ಅವ್ವ 18 ದಿನ ಐಸಿಯುದಾಗ ಇದ್ಲು, ಎಚ್ಚರ ಇರಲಿಲ್ಲ. ಒಳಗ ಹೋದಾಗ ನಾ ಸುಮ್ಮ ನಿಂತು ಅಳತಿದ್ದೆ. ಅಲ್ಲಿದ್ದ ಸಿಸ್ಟರ್ ಕೇರಳದಾಕಿ, ಕನ್ನಡ ಅಷ್ಟಕ್ಕಷ್ಟ. ಆದ್ರ ಅವ್ವನ ಮೈ ಮುಟ್ಟೋ ಮೊದಲ ಪ್ರತಿ ಸಲ ಕಿವಿ ಹತ್ರ ಬಗ್ಗಿ "ಅಮ್ಮಾ, ತಿರುಗಿಸ್ತೇನೆ", "ಅಮ್ಮಾ, ಸೂಜಿ" ಅಂತ ಹೇಳೇ ಮುಂದಿನ ಕೆಲಸ. "ಅಕಿಗೆ ಕೇಳಸಂಗಿಲ್ಲಲ್ರೀ ಸಿಸ್ಟರ್" ಅಂದೆ. "ಕೇಳಬಹುದು, ನೀವೂ ಮಾತಾಡಿ" ಅಂದ್ರು. ಏನ್ ಮಾತಾಡೋದು? ನಮ್ಮ ಎಮ್ಮಿ ಈದೈತಿ, ಹೆಣ್ಗರ ಅಂತ ಹೇಳಿದೆ. ಆಮ್ಯಾಲೆ ದಿನಾ ಊರ ಸುದ್ದಿ. ಒಂದಿನ ಸಿಸ್ಟರೇ "ಎಮ್ಮೆ ಹಾಲು ಎಷ್ಟು ಕೊಡ್ತದೆ?" ಅಂತ ಕೇಳಿದ್ರು!

ಅವ್ವ ಉಳೀಲಿಲ್ಲ. ಕಡೀ ದಿನ ಆ ಸಿಸ್ಟರ್ ನಳಿಗಿ ಎಲ್ಲಾ ತಗದು, ತಲಿ ಬಾಚಿ, ಹಣಿಗೆ ಕುಂಕುಮ ಹಚ್ಚಿನ ನಮ್ಮನ್ನ ಒಳಗ ಕರದ್ರು. ಕುಂಕುಮ ಎಲ್ಲಿಂದ ತಂದ್ರೋ, ಕೇಳಾಕ ಆಗಲಿಲ್ಲ.

ಹಾಸನದಿಂದ, ನಿವೃತ್ತ ಸ್ಟಾಫ್ ನರ್ಸ್

31 ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದವಳು ನಾನು. ಮೊದಲು ಹೊತ್ತಿನ ವಿಷಯ. ಹೆಚ್ಚಿನ ಕಡೆ ಬೆಳಿಗ್ಗೆ 8, ಮಧ್ಯಾಹ್ನ 2, ರಾತ್ರಿ 8ಕ್ಕೆ ಡ್ಯೂಟಿ ಬದಲಾಗುತ್ತೆ. ಆಗ ಒಂದೊಂದು ಬೆಡ್ ಹತ್ರ ನಿಂತು ಹ್ಯಾಂಡೋವರ್ ಕೊಡ್ತಿರ್ತೀವಿ, ನಡುವೆ ಮಾತಾಡಿಸಿದ್ರೆ ಯಾವುದೋ ಒಂದು ಔಷಧಿ ಹೇಳೋದೇ ಮರೆತುಹೋಗಬಹುದು. ಅದು ಮುಗಿದ ಮೇಲೆ ಹೋಗಿ. "ಹೇಗಿದ್ದಾರೆ" ಅಂದ್ರೆ "ಪರವಾಗಿಲ್ಲ" ಅಂತಲೇ ಉತ್ತರ ಬರೋದು. ಮೋಷನ್ ಆಯ್ತಾ, ಕೈ ಕೊಟ್ರೆ ಹಿಡೀತಾರಾ, ಬೆನ್ನು ಕೆಂಪಾಗಿದೆಯಾ ಅಂತ ಕೇಳಿ. ಸ್ಕ್ಯಾನಲ್ಲಿ ಏನು ಬಂತು, ವಾಸಿ ಆಗುತ್ತಾ ಅನ್ನೋದನ್ನ ಡಾಕ್ಟರೇ ಹೇಳಬೇಕು. ಗೊತ್ತಿದ್ರೂ ನಾವು ಬಾಯಿ ಬಿಡೋ ಹಾಗಿಲ್ಲ, ಅದನ್ನ ಜಂಭ ಅಂದ್ಕೋಬೇಡಿ.

ಮಾನಿಟರ್ ಕೂಗಿದಾಗಲೆಲ್ಲ ಗಾಬರಿ ಬೇಡ, ಬೆರಳಿನ ಕ್ಲಿಪ್ ಜಾರಿದ್ರೂ ಕೂಗುತ್ತೆ. ಕೈ ಮಂಚಕ್ಕೆ ಕಟ್ಟಿರೋದು ನೋಡಿದ್ರೆ ಹೆತ್ತವರಿಗೆ, ಮಕ್ಕಳಿಗೆ ಕರುಳು ಕಿತ್ತು ಬರುತ್ತೆ. ಅರೆ ಎಚ್ಚರದಲ್ಲಿ ಟ್ಯೂಬ್ ಕಿತ್ಕೋತಾರೆ ಅಂತ ಕಟ್ಟಿರ್ತಾರೆ. "ನಾನಿರೋ ತನಕ ಬಿಚ್ಚಿರಿ ಸಿಸ್ಟರ್, ಕೈ ಹಿಡ್ಕೊಂಡಿರ್ತೀನಿ" ಅಂತ ಕೇಳಿ ನೋಡಿ.

ಒಂದು ಮಾತ್ರ ಖಂಡಿತ ಮಾಡಬೇಡಿ. ಸ್ಟ್ರೋಕ್ ಆದವರಿಗೆ ನುಂಗೋ ಶಕ್ತಿ ಹೋಗಿರಬಹುದು. ಕದ್ದು ಒಂದು ಚಮಚ ಎಳನೀರು ಕುಡಿಸಿದ್ರೂ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ನನ್ನ ವಾರ್ಡಿಗೆ ಒಬ್ಬಜ್ಜಿ ಸೆರಗಿನಲ್ಲಿ ಪುಟ್ಟ ಬಾಟಲಿ ಮುಚ್ಚಿಟ್ಕೊಂಡು ಬಂದ್ರು, ಧರ್ಮಸ್ಥಳದ ತೀರ್ಥ. ಬೈಯೋಕೆ ಬಾಯಿ ತೆಗೆದವಳು ಅವರ ಕೈ ನಡುಗೋದು ನೋಡಿ ಸುಮ್ಮನಾದೆ. ತೀರ್ಥ ಅವರ ಬೆರಳಿಗೇ ಹಚ್ಚಿ, ಯಜಮಾನರ ಹಣೆಗೆ ಸವರಿಸಿದೆ. ಬಾಯಿಗೇ ಹೋಗಬೇಕು ಅಂತ ಅಜ್ಜಿ ಹಟ ಮಾಡಲಿಲ್ಲ.

ದುಡ್ಡು ಬೇಡಿ. ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಆ ಹುಡುಗಿ ಹೆಸರು ಬರೆದು ನಾಲ್ಕು ಸಾಲಿನ ಕಾಗದ ಕೊಡಿ. ನನಗೆ 31 ವರ್ಷದಲ್ಲಿ ಅಂಥದ್ದು ಮೂರು ಬಂದಿವೆ. ಮೂರೂ ಬೀರುವಿನಲ್ಲಿವೆ.

ಬೆಂಗಳೂರಿಂದ

ಎಲ್ಲರೂ ಹೀಗೇ ಇರ್ತಾರೆ ಅಂತ ಮಾತ್ರ ನಂಬಬೇಡಿ. ನಮ್ಮ ಅತ್ತೆ ಡೈಪರ್ ಬದಲಾಯಿಸಿ ಅಂತ ಮೂರು ಸಲ ಕೇಳಿದ್ದಕ್ಕೆ "ನಿಮ್ಮೊಬ್ರಿಗೇ ಕೂತಿದೀವಾ" ಅಂತ ಎಲ್ಲರೆದುರು ಅನ್ನಿಸಿಕೊಂಡ್ರು. ಆಸ್ಪತ್ರೆ ಹೆಸರು ಬೇಡ. ಅವತ್ತು ಆ ವಾರ್ಡಿನ ಅಷ್ಟೂ ಜನಕ್ಕೆ ಇಬ್ಬರೇ ಸಿಸ್ಟರ್ ಇದ್ರು ಅಂತ ಆಮೇಲೆ ಗೊತ್ತಾಯ್ತು. ಆದ್ರೂ ಅತ್ತೆ ಆಮೇಲೆ ಮನೆಗೆ ಬರೋ ತನಕ ನೀರು ಕುಡಿಯೋದೇ ಕಮ್ಮಿ ಮಾಡಿಬಿಟ್ರು.

ಹಾಸನದವರೇ ಮತ್ತೆ

ಹಾಗೆ ಅಂದಿದ್ದು ತಪ್ಪೇ. ಜನ ಕಮ್ಮಿ ಇದ್ರು ಅನ್ನೋದು ಆಡಳಿತಕ್ಕೆ ಹೇಳಬೇಕಾದ ಮಾತು, ಮಲಗಿರೋ ಹೆಂಗಸಿಗಲ್ಲ. ನಾನೂ ಒಂದೆರಡು ಸಲ ಹಾಗೆ ಅಂದಿದೀನಿ, ಮರೆತಿಲ್ಲ.

ತುಮಕೂರಿಂದ

ಸ್ಟ್ರೋಕಿನ ವಿಷಯ ಅಲ್ಲ, ಆದ್ರೂ ಓದೋ ಬೇರೆಯವರಿಗೆ ಬೇಕಾಗಬಹುದು. ಕ್ಯಾನ್ಸರ್ ಕೊನೆ ಹಂತ, ಇನ್ನು ಚಿಕಿತ್ಸೆ ಇಲ್ಲ ಅಂತ ಡಾಕ್ಟರ್ ಹೇಳಿದವರನ್ನ ಬೆಂಗಳೂರಿನ ಕರುಣಾಶ್ರಯದಲ್ಲಿ ನೋಡ್ಕೋತಾರೆ, ಮಾರತ್ತಹಳ್ಳಿ ಕಡೆ. 1999ರಿಂದ ನಡೀತಿದೆ, ದುಡ್ಡು ತಗೊಳ್ಳಲ್ಲ. ನಮ್ಮ ಮಾವನ ಕೆನ್ನೆಯ ಹುಣ್ಣು ಎಷ್ಟು ನಾರುತ್ತಿತ್ತು ಅಂದ್ರೆ ಮನೇಲಿ ಮಕ್ಕಳು ರೂಮಿಗೇ ಹೋಗ್ತಿರ್ಲಿಲ್ಲ. ಅಲ್ಲಿ ಸಿಸ್ಟರ್ ಹತ್ತಿರ ಕೂತು, ಮುಖ ಸಿಂಡರಿಸದೆ, ಕ್ರಿಕೆಟ್ ಸ್ಕೋರ್ ಹೇಳ್ತಾ ಡ್ರೆಸ್ಸಿಂಗ್ ಮಾಡ್ತಿದ್ರು. ವಾಸನೆ ತಗ್ಗಿದ ಮೇಲೆ ಮೊಮ್ಮಗಳು ಹೋಗಿ ಮಗ್ಗುಲಲ್ಲಿ ಕೂತಳು.

ಕೇಳಿದವರು, ನಾಲ್ಕು ದಿನದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಅಪ್ಪ ನಿನ್ನೆ ವಾರ್ಡಿಗೆ ಬಂದ್ರು. ಬಲಗೈ ಇನ್ನೂ ಏಳ್ತಿಲ್ಲ, ಊಟ ಮೂಗಿನ ಟ್ಯೂಬಲ್ಲೇ. ಕಾಗದ ಬರೆದು ಕೊಟ್ಟೆ. ಇನ್ನೊಂದು ವಾರಕ್ಕೆ ಡಿಸ್ಚಾರ್ಜ್ ಅಂದಿದ್ದಾರೆ, ಮನೇಲಿ ಹೇಗೆ ಅನ್ನೋ ಭಯಕ್ಕೆ ಅಮ್ಮನಿಗೆ ನಿದ್ದೆ ಇಲ್ಲ. ಅದನ್ನ ಸಿಸ್ಟರ್‌ಗೆ ಹೇಳಿದೆ. ಇವತ್ತು ಮಧ್ಯಾಹ್ನ ಅವರು ಶೋಧಿಸಿದ ರಾಗಿ ಗಂಜಿ, ಸಿರಿಂಜು ಎರಡನ್ನೂ ಅಮ್ಮನ ಕೈಗೇ ಕೊಟ್ರು. ತಲೆ ಕಡೆ ಮಂಚ ಎತ್ತಿ, ನಿಧಾನಕ್ಕೆ ಬಿಡಿ, ಕೊನೆಗೆ ನೀರು ಹಾಕಿ ಟ್ಯೂಬ್ ತೊಳೀರಿ, ಅರ್ಧ ಗಂಟೆ ಮಲಗಿಸಬೇಡಿ ಅಂದ್ರು. ಮೊದಲ ಸಲ ಅಮ್ಮನ ಕೈ ನಡುಗಿ ಗಂಜಿ ದಿಂಬಿನ ಮೇಲೆ ಚೆಲ್ತು. ಸಿಸ್ಟರ್ ದಿಂಬಿನ ಕವರ್ ಬದಲಾಯಿಸಿ, ಕೈ ಕಟ್ಕೊಂಡು ಒಂದು ಹೆಜ್ಜೆ ಹಿಂದೆ ನಿಂತ್ರು. "ಇನ್ನೊಂದ್ಸಲ ಅಮ್ಮ, ನಾನು ಮುಟ್ಟಲ್ಲ."