ಟೇಕಾಫ್ ಆದ ಕೂಡಲೇ ವಿಮಾನ ತಪ್ಪು ದಾರಿ ಹಿಡಿಯದಂತೆ ಯಾರು ನೋಡಿಕೊಳ್ಳುತ್ತಾರೆ?

ದೇವನಹಳ್ಳಿ ಅಕ್ಕ ಕೇಳಿದ್ದು:

ನನ್ನ ತಮ್ಮ ಏರ್‌ಬಸ್ ಎ320 ಟ್ರೈನಿಂಗ್‌ನಲ್ಲಿದ್ದಾನೆ. ಹೊರಡುವ ದಾರಿಯೆಲ್ಲ ಮೊದಲೇ ಕಂಪ್ಯೂಟರ್‌ನಲ್ಲಿ ಇರುತ್ತೆ, ಆಟೋಪೈಲಟ್ ಹಾಕಿದರೆ ವಿಮಾನ ತಾನೇ ತಿರುಗುತ್ತೆ ಅಂತಾನೆ. ಹಾಗಾದರೆ ದಾರಿ ತಪ್ಪುವುದು ಹೇಗೆ? ನಮ್ಮ ತಾರಸಿಯಿಂದ ಎರಡೂ ರನ್‌ವೇಯ ವಿಮಾನಗಳು ಕಾಣುತ್ತವೆ. ಪಕ್ಕಪಕ್ಕದಲ್ಲೇ ಏರುತ್ತವೆ, ಅದಕ್ಕೇ ಭಯ. ಅವನನ್ನು ಕೇಳಿದರೆ "ಚೆಕ್‌ಲಿಸ್ಟ್ ಇದೆ ಅಕ್ಕಾ" ಅಂದು ಸುಮ್ಮನಾಗುತ್ತಾನೆ.

ಸಿಮ್ ಮೇಷ್ಟ್ರು:

ಚೆಕ್‌ಲಿಸ್ಟ್ ಒಂದೇ ಸಾಲದು ಮೇಡಂ. ಸಿಮ್ಯುಲೇಟರ್‌ನಲ್ಲಿ ಕಲಿಸುವುದು ನನ್ನ ಕೆಲಸ. ಹೊಸ ಬ್ಯಾಚ್ ಬಂದಾಗೆಲ್ಲ ನಾನು ಮೊದಲು ಹೇಳುವುದು ಸಿಡ್ನಿಯ ಘಟನೆ.

2015ರ ಮಾರ್ಚ್ 10. ಏರ್‌ಏಷ್ಯಾ ಎಕ್ಸ್‌ನ ಎ330, ಕೌಲಾಲಂಪುರಕ್ಕೆ ಹೊರಟಿತ್ತು. ಹೊರಡುವ ಮುನ್ನ ವಿಮಾನದ ಸುತ್ತ ಓಡಾಡಿ ನೋಡಿ ಬರುವುದು ಅಲ್ಲಿ ಕ್ಯಾಪ್ಟನ್ ಕೆಲಸವಾಗಿತ್ತು. ಕಿವಿಗೆ ಹಾಕಿಕೊಳ್ಳುವ ರಕ್ಷಣೆ ಅವರಿಗೆ ಅವತ್ತು ಸಿಗಲಿಲ್ಲ. ಅದಕ್ಕೆ ಕೋಪೈಲಟ್ ಕೆಳಗಿಳಿದರು. ಕೋಪೈಲಟ್ ಮಾಡಬೇಕಾದ್ದನ್ನು ಕ್ಯಾಪ್ಟನ್ ಕಾಕ್‌ಪಿಟ್‌ನಲ್ಲಿ ಮಾಡಿದರು. ತಾನು ಎಲ್ಲಿದ್ದೇನೆ ಅಂತ ವಿಮಾನದ ಕಂಪ್ಯೂಟರ್‌ಗೆ ಗೊತ್ತಾಗಲು, ನಿಂತ ಜಾಗದ ರೇಖಾಂಶವನ್ನು ಕೈಯಲ್ಲಿ ಒತ್ತಿದರು. ಒತ್ತಬೇಕಿದ್ದದ್ದು 15109.8, ಅಂದರೆ 151 ಡಿಗ್ರಿ 9.8 ಮಿನಿಟ್ ಪೂರ್ವ. ಒತ್ತಿದ್ದು 01519.8. ಅಷ್ಟೇ. ವಿಮಾನದ ಲೆಕ್ಕದಲ್ಲಿ ಅದು 11,000 ಕಿ.ಮೀ. ದೂರದಲ್ಲಿ, ಕೇಪ್‌ಟೌನ್ ಹತ್ತಿರದ ಸಮುದ್ರದಲ್ಲಿ ಇತ್ತು!

ಟೇಕಾಫ್‌ಗೆ ಮುಂಚೆ ಇದು ಯಾರ ಗಮನಕ್ಕೂ ಬರಲಿಲ್ಲ. ರನ್‌ವೇ 16 ರೈಟ್‌ನಿಂದ (ಜೋಡಿ ರನ್‌ವೇಗಳಲ್ಲಿ ಬಲಗಡೆಯದು) ಏರಿ ಆಟೋಪೈಲಟ್ ಹಾಕಿದ ಮೇಲೆ ವಿಮಾನ ಎಡಕ್ಕೆ, ಪಕ್ಕದ 16 ಲೆಫ್ಟ್‌ನವರು ಹೊರಡುವ ದಾರಿಯ ಕಡೆಗೇ ವಾಲಿತು. ಸರಿಪಡಿಸಲು ಹೋಗಿ ಇನ್ನಷ್ಟು ಉಪಕರಣ ಕೈಕೊಟ್ಟವು. ಸಿಡ್ನಿಯಲ್ಲಿ ಹವಾಮಾನ ಸರಿಯಿರಲಿಲ್ಲ, ಕೊನೆಗೆ ಮೆಲ್ಬರ್ನ್‌ನಲ್ಲಿ ಇಳಿಸಿದರು. ಯಾರಿಗೂ ಏನೂ ಆಗಲಿಲ್ಲ.

ನಿಮ್ಮ ತಮ್ಮನಿಗೆ ಇದನ್ನು ಹೇಳಿ: ಒಬ್ಬರು ಹಾಕಿದ್ದನ್ನು ಇನ್ನೊಬ್ಬರು "ಸರಿಯಿದೆ" ಅಂದುಬಿಟ್ಟರೆ ಅದು ಚೆಕ್ ಅಲ್ಲ. ಎರಡನೆಯವರು ಚಾರ್ಟ್ (ಹೊರಡುವ ದಾರಿಯ ನಕ್ಷೆ) ಕೈಗೆತ್ತಿಕೊಂಡು, ಅದರಲ್ಲಿರುವುದನ್ನು ಪರದೆಯಲ್ಲಿ ಹುಡುಕಬೇಕು. ಹೊರಡುವ ನಿಗದಿತ ದಾರಿಗೆ ಸಿಡ್ ಅಂತೀವಿ. ಡಿಸ್‌ಪ್ಲೇಯನ್ನು ಪ್ಲ್ಯಾನ್ ಮೋಡ್‌ಗೆ (ಮುಂದಿನ ದಾರಿಯನ್ನು ನಕ್ಷೆಯಂತೆ ತೋರಿಸುವ ನೋಟ) ಹಾಕಿ ಸಿಡ್‌ನ ಒಂದೊಂದೇ ವೇಪಾಯಿಂಟ್ (ದಾರಿಯಲ್ಲಿ ಹೆಸರಿಟ್ಟು ಗುರುತಿಸಿದ ಜಾಗ) ಮುಂದಕ್ಕೆ ಸರಿಸುತ್ತಾ ದಿಕ್ಕು, ದೂರ, ಎತ್ತರದ ಮಿತಿ ಎಲ್ಲ ಬಾಯಿಬಿಟ್ಟು ಓದಬೇಕು. ಹುಡುಗರು ಬರೀ ಸಿಡ್ ಹೆಸರು ನೋಡಿ ಮುಂದೆ ಹೋಗುತ್ತಾರೆ. ಎಷ್ಟೋ ಕಡೆ ಎರಡು ರನ್‌ವೇಗೂ ಸಿಡ್ ಹೆಸರು ಒಂದೇ, ಮೊದಲ ತಿರುವು ಮಾತ್ರ ಬೇರೆ. ಜಾಸ್ತಿ ಜನ ಎಡವುವುದು ಅಲ್ಲೇ.

ನಿವೃತ್ತ ಕಂಟ್ರೋಲರ್:

ಮೇಷ್ಟ್ರು ಹೇಳಿದ್ದು ಒಳಗಿನ ಕೆಲಸ. ಹೊರಗಿನಿಂದಲೂ ಒಂದು ಕಣ್ಣು ಇರುತ್ತೆ. ಅಮೆರಿಕದ ಅಟ್ಲಾಂಟಾದಲ್ಲಿ ಒಟ್ಟೊಟ್ಟಿಗೆ ಹೊರಡುವ ವಿಮಾನಗಳು ಜಾಸ್ತಿ. ಅಲ್ಲಿ ಟವರ್‌ನವರು ಟೇಕಾಫ್ ಅನುಮತಿ ಕೊಡುವಾಗಲೇ "ಆರ್‌ನ್ಯಾವ್ ಟು" (ಕಂಪ್ಯೂಟರ್‌ನಲ್ಲಿರುವ ದಾರಿ ಹಿಡಿದು ಇಂಥ ಕಡೆಗೆ) ಅಂತ ಮೊದಲ ವೇಪಾಯಿಂಟ್ ಹೆಸರನ್ನೂ ಹೇಳುತ್ತಾರೆ. ಪೈಲಟ್ ಅದನ್ನು ತಿರುಗಿ ಹೇಳಬೇಕು. ಪರದೆಯಲ್ಲಿ ಬೇರೆ ಹೆಸರಿದ್ದರೆ ಅಲ್ಲೇ ಸಿಕ್ಕಿಬೀಳುತ್ತೆ. ಪುಟ್ಟ ಮಾತು, ಆದರೆ ನನಗೆ ತುಂಬಾ ಹಿಡಿಸಿದ ಪದ್ಧತಿ.

ಅಕ್ಕಾ, ನಿಮ್ಮ ತಾರಸಿ ಮೇಲೇ ಆದದ್ದು ಒಂದಿದೆ. 2022ರ ಜನವರಿ 7ರ ಬೆಳಗ್ಗೆ ಬೆಂಗಳೂರಿನಲ್ಲಿ ಎರಡೂ ರನ್‌ವೇಯಿಂದ ಎರಡು ವಿಮಾನ ಹೆಚ್ಚುಕಮ್ಮಿ ಒಟ್ಟಿಗೇ ಏರಿದವು. ಒಂದು ಕೋಲ್ಕತ್ತಾಗೆ, ಇನ್ನೊಂದು ಭುವನೇಶ್ವರಕ್ಕೆ. ತಪ್ಪಾದದ್ದು ಕಂಟ್ರೋಲರ್‌ಗಳ ನಡುವಿನ ಮಾತುಕತೆಯಲ್ಲಿ, ಪೈಲಟ್‌ಗಳಿಂದ ಅಲ್ಲ. ರೇಡಾರ್ ಮುಂದೆ ಕೂತವರು ನೋಡಿ, ತಕ್ಷಣ ಬೇರೆ ಬೇರೆ ಹೆಡಿಂಗ್ (ವಿಮಾನದ ಮೂತಿ ತೋರುವ ದಿಕ್ಕು) ಕೊಟ್ಟು ದೂರ ಮಾಡಿದರು.

ದೇವನಹಳ್ಳಿ ಅಕ್ಕ:

ಇಬ್ಬರಿಗೂ ಥ್ಯಾಂಕ್ಸ್ ಸರ್. ಇನ್ನೊಂದು ಪ್ರಶ್ನೆ. ಟ್ಯಾಕ್ಸಿ ಮಾಡುವಾಗ, ಅಂದರೆ ವಿಮಾನ ನೆಲದ ಮೇಲೆ ರನ್‌ವೇ ಕಡೆಗೆ ಉರುಳುವಾಗ, ರನ್‌ವೇ ಬದಲಾಯಿಸಿದರೆ? ಹಿಂದೆ ವಿಮಾನಗಳು ಕಾಯ್ತಾ ಇರುತ್ತವೆ ಅಲ್ವಾ?

ಸಿಮ್ ಮೇಷ್ಟ್ರು:

ಕಾಯಲಿ ಬಿಡಿ. "ರೆಡಿ ಇಲ್ಲ, ಸ್ವಲ್ಪ ಸಮಯ ಬೇಕು" ಅಂತ ಟವರ್‌ಗೆ ಹೇಳುವುದು ಪೈಲಟ್‌ನ ಹಕ್ಕು. ರನ್‌ವೇ ಬದಲಾದರೆ ಸಿಡ್ ಮತ್ತೆ ಹಾಕಬೇಕು, ಟೇಕಾಫ್ ವೇಗಗಳನ್ನು ಮತ್ತೆ ಲೆಕ್ಕ ಹಾಕಬೇಕು. ಕಂಪ್ಯೂಟರ್‌ನಲ್ಲಿ ದಾರಿಯ ನಡುವೆ ಡಿಸ್ಕಂಟಿನ್ಯುಟಿ (ಎರಡು ಜಾಗಗಳನ್ನು ಜೋಡಿಸದೆ ಬಿಟ್ಟ ಖಾಲಿ) ಉಳಿದುಬಿಟ್ಟರೆ, ವಿಮಾನ ಅಲ್ಲಿಗೆ ತಲುಪಿದಾಗ ನ್ಯಾವ್ ಮೋಡ್ (ಹಾಕಿದ ದಾರಿಯನ್ನೇ ಹಿಡಿಯುವುದು) ಬಿಟ್ಟು ಇದ್ದ ದಿಕ್ಕಿಗೇ ನೇರ ಹೋಗುತ್ತೆ. ಇದನ್ನೆಲ್ಲ ಉರುಳುವ ವಿಮಾನದಲ್ಲಿ ಇಬ್ಬರೂ ತಲೆ ತಗ್ಗಿಸಿ ಮಾಡಬಾರದು. ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಚಾರ್ಟ್ ತೆಗೆದು ಮೊದಲಿನಿಂದ ಬ್ರೀಫಿಂಗ್ ಮಾಡಬೇಕು.

ರನ್‌ವೇ ಮೇಲೆ ನಿಂತ ಮೇಲೂ ಒಂದು ನೋಟ ಬೇಕು: ಹೆಡಿಂಗ್ ರನ್‌ವೇ ಸಂಖ್ಯೆಗೆ ಹೊಂದುತ್ತಾ? (ರನ್‌ವೇ 22 ಅಂದರೆ ಅದರ ದಿಕ್ಕು ಸುಮಾರು 220 ಡಿಗ್ರಿ.) 2006ರ ಆಗಸ್ಟ್ 27ರಂದು ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ಕೊಮ್ಏರ್ ವಿಮಾನ ರನ್‌ವೇ 22ರ ಬದಲು ಗಿಡ್ಡ ರನ್‌ವೇ 26ರಿಂದ ಓಡಿತು. ದಿಕ್ಕಿನಲ್ಲಿ ಸುಮಾರು 40 ಡಿಗ್ರಿ ವ್ಯತ್ಯಾಸ ಎದುರಿಗೇ ಕಾಣುತ್ತಿತ್ತು. ಅಪಘಾತದಲ್ಲಿ 49 ಜನ ತೀರಿಹೋದರು. ಕೋಪೈಲಟ್ ಒಬ್ಬರೇ ಉಳಿದದ್ದು.

ತಮ್ಮ ರಜೆಗೆ ಬಂದಾಗ ಒಂದು ಸಿಡ್ ಚಾರ್ಟ್ ತರಲು ಹೇಳಿ. ನೀವು ಓದಿ, ಅವನು ನೋಡದೆ ಹೇಳಲಿ. ಪೈಲಟ್ ಅಲ್ಲದವರೂ ಆ ಕೆಲಸ ಮಾಡಬಹುದು.