ಜ್ವರವೇ ಇಲ್ಲದೆ ಹೊಟ್ಟೆಯ ನೀರಿಗೆ ಸೋಂಕು ತಗುಲಿತು: ಇದು ಸೂಜಿಯ ತಪ್ಪೇ?

ಪ್ರಶ್ನೆ: ಹಾಸನದ ಮಗ

ನಮ್ಮ ತಂದೆಯವರಿಗೆ 61 ವರ್ಷ. ಲಿವರ್ ಸಿರೋಸಿಸ್ ಎಂದು ತಿಳಿದು ಎರಡು ವರ್ಷವಾಯಿತು. ಆರು ತಿಂಗಳಿಂದ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತಿದ್ದು, ಇದುವರೆಗೆ ಮೂರು ಬಾರಿ ತೆಗೆಸಿದ್ದೇವೆ. ಮೂರನೆಯ ಬಾರಿ ತೆಗೆಸಿದ ಹನ್ನೊಂದನೆಯ ದಿನ, ರಾತ್ರಿ ಎರಡು ಗಂಟೆಗೆ ಎದ್ದು, ಪಂಚೆ ಎತ್ತಿಕಟ್ಟಿ, ಟಾರ್ಚ್ ಹಿಡಿದು, ಗದ್ದೆಗೆ ನೀರು ಕಟ್ಟಿ ಬರುತ್ತೇನೆಂದು ಹೊರಟರು. ಆ ಗದ್ದೆಯನ್ನು ಮಾರಿ ಒಂಬತ್ತು ವರ್ಷವಾಗಿದೆ.

ಜ್ವರ ನೋಡಿದರೆ 98.4 ಇತ್ತು, ಹೊಟ್ಟೆನೋವೂ ಇರಲಿಲ್ಲ. ನಿದ್ದೆಗೆಟ್ಟು ಹೀಗಾಡುತ್ತಿದ್ದಾರೆಂದು ಒಂದು ದಿನ ಸುಮ್ಮನಿದ್ದೆವು. ಮರುದಿನ ಮೂತ್ರ ಕಡಿಮೆಯಾದಾಗ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಹೊಟ್ಟೆಯ ನೀರಿನಲ್ಲಿ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್ ಕಣಗಳು 1,140 ಇವೆ, ಸೋಂಕು ತಗುಲಿದೆ ಎಂದರು. ಆದರೆ ಕಲ್ಚರ್‌ನಲ್ಲಿ ಯಾವ ಬ್ಯಾಕ್ಟೀರಿಯಾವೂ ಬೆಳೆಯಲಿಲ್ಲ. ಆ್ಯಂಟಿಬಯಾಟಿಕ್ ಜೊತೆಗೆ ದುಬಾರಿಯಾದ ಆಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) ಬಾಟಲಿಗಳನ್ನೂ ಏರಿಸಿದರು. ಈಗ ಮನೆಗೆ ಬಂದಿದ್ದಾರೆ. ನಾರ್ಫ್ಲಾಕ್ಸಾಸಿನ್ 400 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೊಂದರಂತೆ ಮುಂದುವರಿಸಲು ಹೇಳಿದ್ದಾರೆ.

ಸೂಜಿ ಚುಚ್ಚಿದ್ದರಿಂದಲೇ ಸೋಂಕು ಒಳಹೊಕ್ಕಿತು, ಇನ್ನು ನೀರು ತೆಗೆಸುವುದೇ ಬೇಡ ಎಂಬುದು ನಮ್ಮ ಚಿಕ್ಕಪ್ಪನವರ ಹಟ. ಅವರ ಮಾತು ಸರಿಯೇ? ಏನೂ ಬೆಳೆಯದಿದ್ದ ಮೇಲೆ ಅದು ಸೋಂಕು ಹೇಗಾಯಿತು? ಈ ಮಾತ್ರೆಯನ್ನು ಎಷ್ಟು ದಿನ ನುಂಗಬೇಕು?

ಉತ್ತರ 1: ಮೈಸೂರಿನ ವೈದ್ಯ

ಚಿಕ್ಕಪ್ಪನವರ ಅನುಮಾನ ಸಹಜವೇ, ಆದರೆ ಸರಿಯಾಗಿ ಮಾಡಿದ, ಸೂಜಿಯಿಂದ ನೀರು ತೆಗೆಯುವ ಟ್ಯಾಪಿಂಗ್‌ನಿಂದ ಸೋಂಕು ತಗುಲುವುದು ತೀರ ಅಪರೂಪ. ಕಳ್ಳ ಬಂದದ್ದು ಬಾಗಿಲಿನಿಂದಲ್ಲ, ಮನೆಯ ಒಳಗಿನಿಂದಲೇ. ಲಿವರ್ ಗಂಟುಗಂಟಾಗಿ ಗಟ್ಟಿಯಾದಾಗ ಕರುಳಿನಿಂದ ಬರುವ ರಕ್ತಕ್ಕೆ ಅದರ ಮೂಲಕ ಸಲೀಸಾಗಿ ಹರಿಯಲು ಆಗದೆ ಪೋರ್ಟಲ್ ರಕ್ತನಾಳದಲ್ಲಿ ಒತ್ತಡ ಏರುತ್ತದೆ; ಹೊಟ್ಟೆಯ ರಕ್ತನಾಳಗಳು ಹಿಗ್ಗುತ್ತವೆ; ಮೈಯಲ್ಲಿ ರಕ್ತ ಸಾಲದೆಂದು ಭ್ರಮಿಸುವ ಕಿಡ್ನಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಅದೇ ನೀರು ಹೊಟ್ಟೆಗೆ ಜಿನುಗಿ ಜಲೋದರವಾಗುತ್ತದೆ. ಇದೇ ಹೊತ್ತಿಗೆ ಕರುಳಿನ ಗೋಡೆ ಸಡಿಲವಾಗಿ, ಅಲ್ಲಿ ಎಂದಿನಿಂದಲೂ ವಾಸವಿರುವ ಈ. ಕೋಲಿ, ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾಗಳು ದುಗ್ಧಗ್ರಂಥಿಗಳನ್ನೂ ರಕ್ತವನ್ನೂ ದಾಟಿ ಈ ನೀರಿಗೆ ಬಂದು ಸೇರುತ್ತವೆ. ಆ ನೀರಿನಲ್ಲಿ ಪ್ರೋಟೀನ್ ಕಡಿಮೆಯಿದ್ದಷ್ಟೂ ಅವುಗಳನ್ನು ಎದುರಿಸುವ ಶಕ್ತಿಯೂ ಕಡಿಮೆ.

ಕಲ್ಚರ್ ನೆಗೆಟಿವ್ ಬರುವುದು ಈ ಕಾಯಿಲೆಯಲ್ಲಿ ದಿನನಿತ್ಯದ ಮಾತು, ಏಕೆಂದರೆ ಲೀಟರುಗಟ್ಟಲೆ ನೀರಿನಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆ ಬಹಳ ಕಡಿಮೆಯಿರುತ್ತದೆ. ಆದ್ದರಿಂದಲೇ ನಾವು ನ್ಯೂಟ್ರೋಫಿಲ್ ಎಣಿಕೆಯನ್ನು ನಂಬುತ್ತೇವೆ: ಒಂದು ಘನ ಮಿಲಿಮೀಟರಿಗೆ 250 ಮುಟ್ಟಿದರೆ, ಕಲ್ಚರ್‌ಗೆ ಕಾಯದೆ ಆ್ಯಂಟಿಬಯಾಟಿಕ್ ಆರಂಭಿಸುತ್ತೇವೆ. ಎರಡು ದಿನದ ನಂತರ ಮತ್ತೆ ಎಣಿಸಿ, ನಾಲ್ಕನೇ ಒಂದು ಭಾಗದಷ್ಟಾದರೂ ಇಳಿಯದಿದ್ದರೆ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ ಇರಬಹುದೇ, ಕರುಳು ತೂತಾಗಿರಬಹುದೇ ಎಂದು ಹುಡುಕುತ್ತೇವೆ. ನಮ್ಮ ದೇಶದಲ್ಲಿ ಮೊದಲನೆಯ ಸಾಧ್ಯತೆ ಸಣ್ಣದೇನಲ್ಲ.

ಆಲ್ಬುಮಿನ್ ವ್ಯರ್ಥವಾಗಲಿಲ್ಲ. ಈ ಸೋಂಕಿನಲ್ಲಿ ರೋಗಿ ಸಾಯುವುದು ಎಷ್ಟೋ ಬಾರಿ ಕಿಡ್ನಿ ಕೈಕೊಡುವುದರಿಂದ. ಸ್ಪೇನಿನಲ್ಲಿ ನಡೆದು 1999ರಲ್ಲಿ ಪ್ರಕಟವಾದ, 126 ರೋಗಿಗಳ ಅಧ್ಯಯನದಲ್ಲಿ ಆ್ಯಂಟಿಬಯಾಟಿಕ್ ಮಾತ್ರ ಪಡೆದವರಲ್ಲಿ ನೂರಕ್ಕೆ 33 ಮಂದಿಗೆ ಕಿಡ್ನಿ ತೊಂದರೆಯಾದರೆ, ಆಲ್ಬುಮಿನ್ ಸೇರಿಸಿ ಪಡೆದವರಲ್ಲಿ 10 ಮಂದಿಗೆ ಮಾತ್ರ ಆಯಿತು. ನಿಮ್ಮ ತಂದೆಯವರಿಗೆ ಮೂತ್ರ ಕಡಿಮೆಯಾಗಿತ್ತು ಎಂದಿದ್ದೀರಿ. ಅದು ಆ ದಾರಿಯ ಮೊದಲ ಹೆಜ್ಜೆಯೇ ಆಗಿತ್ತು.

ನಾರ್ಫ್ಲಾಕ್ಸಾಸಿನ್ ಮಾತ್ರೆ ಮರುಸೋಂಕನ್ನು ತಡೆಯಲು. 1990ರ ಒಂದು ಅಧ್ಯಯನದಲ್ಲಿ, ಅದನ್ನು ತೆಗೆದುಕೊಂಡವರಲ್ಲಿ ವರ್ಷದೊಳಗೆ ಸೋಂಕು ಮರುಕಳಿಸುವ ಸಂಭವ 68ರಿಂದ 20 ಪ್ರತಿಶತಕ್ಕೆ ಇಳಿದಿತ್ತು. ಸಾಮಾನ್ಯವಾಗಿ ಹೊಟ್ಟೆಯ ನೀರು ಪೂರ್ತಿ ಹೋಗುವವರೆಗೆ ಅಥವಾ ಲಿವರ್ ಕಸಿ ಆಗುವವರೆಗೆ ಮುಂದುವರಿಸುತ್ತಾರೆ, ನೀವಾಗಿಯೇ ನಿಲ್ಲಿಸಬೇಡಿ. ಹಾಲು, ಮೊಸರಿನ ಜೊತೆ ನುಂಗಿದರೆ ಅದು ಮೈಗೆ ಹತ್ತುವುದು ಕಡಿಮೆಯಾದ್ದರಿಂದ ನಡುವೆ ಒಂದೆರಡು ಗಂಟೆ ಅಂತರವಿರಲಿ. ಒಮ್ಮೆ ಈ ಸೋಂಕು ಬಂದ ಮೇಲೆ ಲಿವರ್ ಕಸಿಯ ಮಾತನ್ನು ಮುಂದೂಡಬಾರದು. ಕಸಿ ಮಾಡುವ ಆಸ್ಪತ್ರೆಯ ಮೂಲಕ ರಾಜ್ಯದ ಅಂಗಾಂಗ ದಾನದ ಸಂಸ್ಥೆಯಾದ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸುವ ಬಗ್ಗೆ ಈಗಲೇ ವಿಚಾರಿಸಿ.

ನೀರು ತೆಗೆಸುವುದನ್ನು ಬಿಡಬೇಡಿ. ಪ್ರತಿ ಬಾರಿಯೂ ಆ ನೀರನ್ನು ಕಣಗಳ ಎಣಿಕೆಗೆ ಕಳುಹಿಸಿದ್ದಾರೆಯೇ ಎಂದು ಕೇಳಿ. ಐದು ಲೀಟರಿಗಿಂತ ಹೆಚ್ಚು ತೆಗೆದರೆ, ಲೀಟರಿಗೆ 6ರಿಂದ 8 ಗ್ರಾಂ ಲೆಕ್ಕದಲ್ಲಿ ಆಲ್ಬುಮಿನ್ ಕೊಡುವುದು ರೂಢಿ.

ಉತ್ತರ 2: ತಾಯಿಯನ್ನು ನೋಡಿಕೊಂಡವಳು, ಸಾಗರ

ಡಾಕ್ಟರ್ ಹೇಳಿದ್ದಕ್ಕೆ ಮನೆಯೊಳಗಿನ ಅನುಭವವನ್ನಷ್ಟೇ ಸೇರಿಸುತ್ತೇನೆ. ನಮ್ಮ ಅಮ್ಮನಿಗೂ ಜ್ವರ ಬರಲಿಲ್ಲ. ಮಂಕು ಕವಿಯುತ್ತಿದೆಯೇ ಎಂದು ತಿಳಿಯಲು ದಿನವೂ ಬೆಳಿಗ್ಗೆ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಸಹಿ ಮಾಡಿಸುತ್ತಿದ್ದೆ; ಒಂದು ದಿನ ‘ಸ’ ಅಕ್ಷರ ಗೀಟನ್ನು ದಾಟಿ ಪಕ್ಕದ ತಾರೀಖಿಗೆ ಜಾರಿತ್ತು. ಹಗಲೆಲ್ಲ ತೂಕಡಿಕೆ, ರಾತ್ರಿಯೆಲ್ಲ ಎಚ್ಚರ. ಆಸ್ಪತ್ರೆಗೆ ಒಯ್ದಾಗ ಎಣಿಕೆ ಏರಿತ್ತು. ಬಾಗಿಲ ಹಿಂದೆ ತೂಗುತ್ತಿದ್ದ ಆ ಕ್ಯಾಲೆಂಡರ್ ಥರ್ಮಾಮೀಟರಿಗಿಂತ ಮೊದಲೇ ಹೇಳಿತು.

ಉಪ್ಪು ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ. ಅಡುಗೆಯಲ್ಲಿ ಉಪ್ಪು ತಗ್ಗಿಸಿ, ಊಟಕ್ಕೆ ಮಿಡಿ ಉಪ್ಪಿನಕಾಯಿಯನ್ನೂ ಬಾಳಕದ ಮೆಣಸನ್ನೂ ಬಡಿಸಿದರೆ ಪ್ರಯೋಜನವಿಲ್ಲ. ನಮ್ಮಲ್ಲಿ ಆಗಿದ್ದು ಅದೇ. ಸೋಡಿಯಂ ಕಡಿಮೆಯಿರುವ ಉಪ್ಪು ಎಂದು ಅಂಗಡಿಯಲ್ಲಿ ಸಿಗುವುದರಲ್ಲಿ ಪೊಟ್ಯಾಶಿಯಂ ಇರುತ್ತದೆ. ಮೈಯ ನೀರಿಳಿಸಲು ಕೊಡುವ, ಆದರೆ ಪೊಟ್ಯಾಶಿಯಂ ಅನ್ನು ಉಳಿಸಿಕೊಳ್ಳುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ. ಮಂಡಿನೋವಿಗೆಂದು ಡೈಕ್ಲೋಫೆನಾಕ್ ಕೊಡಬೇಡಿ, ಕಿಡ್ನಿ ಕೆಡುತ್ತದೆ. ಕಾಮಾಲೆಗೆಂದು ಯಾರೋ ಕೊಡುವ ನಾಟಿ ಔಷಧಿ, ಅಮೃತಬಳ್ಳಿಯ ಕಷಾಯ ಕೂಡ ಬೇಡ. ಅಮೃತಬಳ್ಳಿಯಿಂದಲೇ ಲಿವರ್ ಕೆಟ್ಟ ಪ್ರಕರಣಗಳು ಮುಂಬೈಯಿಂದ ವರದಿಯಾಗಿವೆ. ಊಟವನ್ನು ಮಾತ್ರ ಕಡಿಮೆ ಮಾಡಬಾರದು: ಬೇಳೆ, ಮೊಟ್ಟೆ, ಮಲಗುವ ಮುನ್ನ ಒಂದಿಷ್ಟು ತಿಂಡಿ ಇರಲಿ.

ಉತ್ತರ 3: ಲ್ಯಾಬ್ ಟೆಕ್ನಿಷಿಯನ್

ಒಂದೇ ಮಾತು. ನೀರನ್ನು ಖಾಲಿ ಡಬ್ಬಿಯಲ್ಲಿ ಹಿಡಿದು ಲ್ಯಾಬಿಗೆ ಕಳುಹಿಸಿದರೆ ಕಲ್ಚರ್‌ನಲ್ಲಿ ಬೆಳೆಯುವ ಸಾಧ್ಯತೆ ಬಹಳ ಕಡಿಮೆ. ಹಾಸಿಗೆಯ ಪಕ್ಕದಲ್ಲೇ, ಆಗಲೇ, ಬ್ಲಡ್ ಕಲ್ಚರ್ ಬಾಟಲಿಗಳಿಗೆ ತಲಾ 10 ಮಿಲಿಲೀಟರಿನಂತೆ ಹಾಕಬೇಕು, ಅದೂ ಆ್ಯಂಟಿಬಯಾಟಿಕ್‌ನ ಮೊದಲ ಡೋಸ್ ಕೊಡುವ ಮೊದಲೇ.

ಹಾಸನದ ಮಗ

ಎಲ್ಲರಿಗೂ ವಂದನೆಗಳು. ಇವತ್ತು ಮಾತ್ರೆಗಳ ಡಬ್ಬಿಯನ್ನು ಪೂರ್ತಿ ಸುರಿದು ನೋಡಿದೆ. ಮೂರು ವರ್ಷದಿಂದ ಬೆಳಿಗ್ಗೆ ನುಂಗುತ್ತಿರುವ, ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆಯೂ ಇದೆ. ಯಾರು, ಯಾವುದಕ್ಕೆ ಬರೆದುಕೊಟ್ಟರು ಎಂಬುದು ತಂದೆಯವರಿಗೂ ನೆನಪಿಲ್ಲ. ಇದಕ್ಕೂ ಸೋಂಕಿಗೂ ಸಂಬಂಧವಿದೆಯೇ?

ಮೈಸೂರಿನ ವೈದ್ಯ

ಇರಬಹುದು. ಹೊಟ್ಟೆಯ ಆಮ್ಲ ಕಡಿಮೆಯಾದಾಗ ಕರುಳಿನ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ, ಮತ್ತು ಈ ಮಾತ್ರೆ ತೆಗೆದುಕೊಳ್ಳುವ ಸಿರೋಸಿಸ್ ರೋಗಿಗಳಲ್ಲಿ ಈ ಸೋಂಕು ಹೆಚ್ಚಾಗಿ ಕಂಡುಬಂದಿದೆ. ಎಂಡೋಸ್ಕೋಪಿಯ ವರದಿಯಲ್ಲಿ ಹುಣ್ಣಿನ ಉಲ್ಲೇಖವಿದೆಯೇ, ಇತ್ತೀಚೆಗೆ ಅನ್ನನಾಳದ ಉಬ್ಬಿದ ರಕ್ತನಾಳಕ್ಕೆ ಬ್ಯಾಂಡ್ ಹಾಕಿದ್ದಾರೆಯೇ ಎಂದು ನೋಡಿ. ಎರಡೂ ಇಲ್ಲದಿದ್ದರೆ, ಮುಂದಿನ ಭೇಟಿಯಲ್ಲಿ ಆ ಮಾತ್ರೆಯ ಸ್ಟ್ರಿಪ್ಪನ್ನೇ ನಿಮ್ಮ ವೈದ್ಯರ ಮೇಜಿನ ಮೇಲಿಟ್ಟು, ಇದು ಬೇಕೇ ಎಂದು ಕೇಳಿ.