ಚಳಿ ‘ದುಪ್ಪಟ್ಟು’ ಆಗಬಹುದಾ?

ಗೆಳೆಯರೇ,

ಪತ್ರಿಕೆಗೆ ಹೋಗುವ ಒಂದು ಬರಹ ತಿದ್ದುತ್ತಿದ್ದೇನೆ. ಅದರಲ್ಲಿ ಹೀಗಿದೆ: ‘ಮೊನ್ನೆ ಬೆಳಿಗ್ಗೆ 16 ಡಿಗ್ರಿ ಇತ್ತು, ಇವತ್ತು 8. ಚಳಿ ದುಪ್ಪಟ್ಟಾಗಿದೆ.’ ಓದುವಾಗ ಎಲ್ಲೂ ಎಡವುವುದಿಲ್ಲ. ಆದರೂ ಬಿಡಬೇಕಾ, ತಿದ್ದಬೇಕಾ ಅಂತ ಗೊತ್ತಾಗುತ್ತಿಲ್ಲ.

ಮೊದಲ ತಕರಾರು ಲೆಕ್ಕದ್ದು. ಅದೇ ಎರಡು ಬೆಳಗನ್ನು ಫ್ಯಾರನ್‌ಹೀಟ್‌ನಲ್ಲಿ ಬರೆದರೆ ಹೆಚ್ಚುಕಡಿಮೆ 61 ಮತ್ತು 46. ಅರ್ಧ ಎಲ್ಲಿ ಹೋಯಿತು? ಸೆಲ್ಸಿಯಸ್‌ನ ಸೊನ್ನೆ ನೀರು ಹೆಪ್ಪುಗಟ್ಟುವ ಗುರುತು ಅಷ್ಟೇ, ಅಲ್ಲಿಗೆ ಬಿಸಿ ಖಾಲಿಯಾಗಲ್ಲ. ನಿಜವಾದ ತಳ ಇರುವುದು ಮೈನಸ್ 273.15ರಲ್ಲಿ. ಅಲ್ಲಿಂದ ಎಣಿಸುವ ಕೆಲ್ವಿನ್‌ನಲ್ಲಿ ಮೊನ್ನೆ 289, ಇವತ್ತು 281. ನೂರಕ್ಕೆ ಮೂರರಷ್ಟೂ ಇಳಿದಿಲ್ಲ. ಈ ಲೆಕ್ಕದಲ್ಲಿ 16 ಡಿಗ್ರಿ ಸರಿಯಾಗಿ ಅರ್ಧ ಆಗಬೇಕಾದರೆ ಸೆಲ್ಸಿಯಸ್‌ನಲ್ಲಿ ಮೈನಸ್ 128 ದಾಟಬೇಕು. ಭೂಮಿಯ ಮೇಲೆ ನೆಲಮಟ್ಟದಲ್ಲಿ ಅಳೆದ ಅತಿ ಕಡಿಮೆ ತಾಪಮಾನವೇ ಮೈನಸ್ 89.2. ಅದೂ ಅಂಟಾರ್ಕ್ಟಿಕಾದ ವೋಸ್ಟೋಕ್‌ನಲ್ಲಿ, 1983ರ ಜುಲೈನಲ್ಲಿ. ನಮ್ಮ ಲೇಖಕರ ಊರಿನ ಚಳಿ ಅದನ್ನೂ ಮೀರಿಸಿಬಿಟ್ಟಿದೆ!

ಸುಮ್ನೆ ಒಂದು ಮಾತು: ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ತನ್ನ ಅಳತೆಪಟ್ಟಿ ಮಾಡಿದಾಗ ಕುದಿಯುವ ನೀರಿಗೆ 0, ಹೆಪ್ಪುಗಟ್ಟುವ ನೀರಿಗೆ 100 ಇಟ್ಟಿದ್ದ. ಅಂದರೆ ಚಳಿ ಏರಿದಷ್ಟೂ ಅಂಕಿ ಏರುತ್ತಿತ್ತು. ಆಮೇಲೆ ಅದನ್ನು ತಲೆಕೆಳಗು ಮಾಡಿದರು. ಹಳೆಯ ಅಳತೆಪಟ್ಟಿಯಲ್ಲಿ ನಮ್ಮ ಎರಡು ಬೆಳಗು 84 ಮತ್ತು 92 ಆಗುತ್ತವೆ. ಅಲ್ಲಿಯೂ ದುಪ್ಪಟ್ಟು ಸಿಗಲಿಲ್ಲ.

ಇಷ್ಟಕ್ಕೇ ಪದವನ್ನು ಹೊಡೆದುಹಾಕಲು ನನಗೆ ಮನಸ್ಸಿಲ್ಲ. ಕನ್ನಡದಲ್ಲಿ ಚಳಿ ಆಗುವುದು ಮನುಷ್ಯರಿಗೆ. ‘ನನಗೆ ಚಳಿ ಆಗ್ತಿದೆ’ ಅನ್ನುತ್ತೇವೆ, ನೀರಿಗೆ ಮಾತ್ರ ‘ತಣ್ಣಗಿದೆ’. ನೀರು ಚಳಿಯಾಗಿದೆ ಅಂದರೆ ಮಕ್ಕಳೂ ನಗುತ್ತವೆ. ಹಾಗಾದರೆ ‘ತಾಪಮಾನ ಅರ್ಧಕ್ಕೆ ಇಳಿಯಿತು’ ಅನ್ನುವುದು ತಪ್ಪು, ‘ಚಳಿ ದುಪ್ಪಟ್ಟಾಯಿತು’ ಅನ್ನುವುದು ಸರಿ ಇರಬಹುದು, ಅಲ್ವಾ? ಖುಷಿ ಇಮ್ಮಡಿ ಆಗುತ್ತೆ, ಉತ್ಸಾಹ ಇಮ್ಮಡಿ ಆಗುತ್ತೆ. ಅದನ್ನು ಯಾರು ಅಳೆದು ನೋಡುತ್ತಾರೆ?

ಮೈ ಲೆಕ್ಕ ಹಿಡಿದರೂ ಒಂದು ದಾರಿ ಇದೆ. ಚರ್ಮದ ಬಿಸಿ ಸುಮಾರು 33 ಡಿಗ್ರಿ ಅಂತಿಟ್ಟುಕೊಳ್ಳಿ. ಗಾಳಿಗೂ ಚರ್ಮಕ್ಕೂ ಇರುವ ಅಂತರ ಹೆಚ್ಚಿದಷ್ಟೂ ಮೈಯಿಂದ ಬಿಸಿ ಬೇಗ ಹೋಗುತ್ತೆ. ಮೊನ್ನೆ ಆ ಅಂತರ 17, ಇವತ್ತು 25. ಹಾಗಾಗಿ ಚಳಿ ಸುಮಾರು ಒಂದೂವರೆ ಪಟ್ಟು. ದುಪ್ಪಟ್ಟು ಆಗಲು ಮೈನಸ್ 1 ಆಗಬೇಕಿತ್ತು. ಇದು ಗಾಳಿ ಬೀಸದ ಜಾಗದಲ್ಲಿ ಬರೀ ಮೈಯಲ್ಲಿ ನಿಂತವರ ಮಾತು. ಸ್ವೆಟರ್ ಹಾಕಿದರೆ, ಬೈಕ್ ಹತ್ತಿದರೆ ಎಲ್ಲಾ ಬದಲಾಗುತ್ತೆ. ಆದರೂ ನಾನು ನೋಡಿದ ಲೆಕ್ಕಗಳಲ್ಲಿ ಅರ್ಥ ಕೊಡುವುದು ಇದೊಂದೇ.

ಹವಾಮಾನ ಇಲಾಖೆಯವರು ಈ ಪಟ್ಟಿನ ಗೊಡವೆಗೇ ಹೋಗಲ್ಲ. ಬಯಲುಸೀಮೆಯಲ್ಲಿ ಕನಿಷ್ಠ ತಾಪಮಾನ 10 ಡಿಗ್ರಿಗೆ ಇಳಿದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆ ಇದ್ದರೆ ಶೀತಗಾಳಿ ಅನ್ನುತ್ತಾರೆ. ಅವರದು ಕಳೆಯುವ ಲೆಕ್ಕ, ಗುಣಿಸುವುದಲ್ಲ.

ಆಡುಮಾತೂ ಅಷ್ಟೇ ಅಂತ ನನಗೆ ಅನಿಸುತ್ತೆ. ಚಳಿ ಜಾಸ್ತಿ ಅನ್ನೋಕೆ ನಮಗೆ ಅಂಕಿ ಬೇಡ. ಅದು ಕೊರೆಯುತ್ತೆ, ಮೈ ನಡುಗಿಸುತ್ತೆ, ಹಲ್ಲು ಕಟಕಟ ಅನ್ನಿಸುತ್ತೆ. ‘ದುಪ್ಪಟ್ಟು ಚಳಿ’ ನನ್ನ ಕಿವಿಗೆ ಬಿದ್ದಿರುವುದು ಟೀವಿಯಲ್ಲಿ ಮಾತ್ರ. ಸದ್ಯಕ್ಕೆ ‘ಎರಡೇ ದಿನದಲ್ಲಿ 8 ಡಿಗ್ರಿ ಇಳಿದು, ಚಳಿ ಕೊರೆಯುತ್ತಿದೆ’ ಅಂತ ತಿದ್ದಿಟ್ಟಿದ್ದೇನೆ. ‘ಎರಡು ಪಟ್ಟು ಹೆಚ್ಚು’ ಅಂತ ಮಾತ್ರ ಬರೆಯಲ್ಲ. ಅದು ಎರಡರಷ್ಟಾ, ಮೂರರಷ್ಟಾ ಅನ್ನುವ ಜಗಳ ಬೇರೆ ಶುರುವಾಗುತ್ತೆ.

ಈಗ ನಿಮ್ಮಲ್ಲಿ ಕೇಳುವುದು ಇಷ್ಟು. ನಿಮ್ಮ ಮನೆಮಾತಿನಲ್ಲಿ ಚಳಿಗೆ ‘ದುಪ್ಪಟ್ಟು’, ‘ಎರಡರಷ್ಟು’ ಅಥವಾ ‘ಡಬಲ್’ ಸೇರಿಸಿ ಆಡುವುದನ್ನು ಕೇಳಿದ್ದೀರಾ? ಧಾರವಾಡ, ವಿಜಯಪುರದ ಕಡೆಯವರು ‘ಥಂಡಿ’ ಜೊತೆ ಏನು ಹೇಳುತ್ತಾರೆ? ಬರೀ ‘ಭಾಳ’ ಸಾಕಾ, ಪಟ್ಟಿನ ಲೆಕ್ಕವೂ ಇದೆಯಾ?